ಸಾರೋಟು ಬಾವಿ ತಿರುವಿನ ಎಣಿಕೆ

ಕೌನ್ಸಿಲ್‌ನ ಡಾಂಬರು ಲಾರಿಯಲ್ಲಿ ಇಪ್ಪತ್ತು ವರ್ಷ ದುಡಿದು, ಈ ಯಾರಂಗಲ್ ಸೀಮೆಯ ಗುಂಡಿಗಳನ್ನೆಲ್ಲ ಒಬ್ಬನೇ ಮುಚ್ಚಿದವನು ನಾನು. ರಾಜ್ಯಪಾಲರು ಈ ದಾರಿಯಲ್ಲಿ ಹೋದಾಗ ಕಾರಿನಲ್ಲಿ ಅವರ ನಿದ್ದೆ ಒಂದು ಸಲವೂ ಕೆಡಲಿಲ್ಲವೆಂದು ನನಗೊಂದು ಪದಕ ಕೊಟ್ಟರು.

ಸುಳ್ಳು. ಪದಕವೂ ಇಲ್ಲ, ರಾಜ್ಯಪಾಲರು ಈ ಕಡೆ ಬಂದದ್ದೂ ಇಲ್ಲ. ನಾನು ಮುಚ್ಚಿದ್ದು ಒಂದೇ ಗುಂಡಿ, ಅದೂ ನನ್ನ ಗೇಟಿನ ಮುಂದಿನದು. ಮೊದಲ ಮಳೆಗೇ ಮತ್ತೆ ಬಾಯಿ ಬಿಟ್ಟಿತು. ಆದರೆ ಈಗ ಹೇಳುವುದು ಸುಳ್ಳಲ್ಲ. ನಡೆದದ್ದು ನೆವಿಲ್ ಟ್ರೆಂಬತ್‌ಗೆ. ನೆವಿಲ್ ನನ್ನ ಹೆಂಡತಿಯ ದೊಡ್ಡಪ್ಪನ ಮಗ. ಹುಟ್ಟಿದಾಗಿನಿಂದ ಒಂದು ತಮಾಷೆಯನ್ನೂ ಮಾಡಿದವನಲ್ಲ. ಕತೆ ಕಟ್ಟುವಷ್ಟು ಕಲ್ಪನೆ ಅವನ ವಂಶದಲ್ಲೇ ಇಲ್ಲ.

ಅವನು ಆಗ ಕೌನ್ಸಿಲ್‌ನ ರಸ್ತೆ ಮೇಲ್ವಿಚಾರಕ. ಆ ಕುರ್ಚಿಯಲ್ಲಿ ಮೂವತ್ತೊಂದು ವರ್ಷ. ಜನ ಬರೆದ ದೂರುಗಳೆಲ್ಲ ಅವನ ಮೇಜಿಗೇ ಬರುತ್ತಿದ್ದವು. ಗುಂಡಿ ಬಿದ್ದಿದೆ, ಫಲಕ ಬಿದ್ದಿದೆ, ಲಾರಿಗಳು ಹುಚ್ಚುಹುಚ್ಚಾಗಿ ಓಡುತ್ತವೆ. ಎಲ್ಲಕ್ಕೂ ಅವನಲ್ಲಿ ಅಚ್ಚು ಹಾಕಿಟ್ಟ ಒಂದೇ ಉತ್ತರವಿತ್ತು. ‘ತಮ್ಮ ಅಹವಾಲನ್ನು ಗಮನಿಸಲಾಗಿದೆ.’ ಕೆಟ್ಟವನಲ್ಲ ಪಾಪ. ಮೊದಲ ಹತ್ತು ವರ್ಷ ಕೆಲಸ ಮಾಡಿಸಬೇಕೆಂದು ಓಡಾಡಿದ, ಮುಂದಿನ ಹತ್ತು ವರ್ಷ ಇಂದೋ ನಾಳೆಯೋ ಆದೀತೆಂದು ಕಾದ, ಆಮೇಲೆ ಸಹಿ ಹಾಕಿದ. ಅಷ್ಟೇ. ಹೆದ್ದಾರಿಯವರು ಇದು ಕೌನ್ಸಿಲ್ ರಸ್ತೆ ಅನ್ನುವುದು, ಕೌನ್ಸಿಲ್‌ನವರು ಇದು ಹೆದ್ದಾರಿಯವರ ಅಂಚು ಅನ್ನುವುದು, ನಡುವೆ ಇವನು ಬೀಸುವ ಕಲ್ಲಿಗೆ ಸಿಕ್ಕ ಕಾಳು. ನಿವೃತ್ತಿಗೆ ಎರಡು ತಿಂಗಳಿತ್ತು. ಬೆಳಿಗ್ಗೆ ಎದ್ದಾಗಲೇ ಸಂಜೆಯ ಮುಖವಿರುತ್ತಿತ್ತು ಅವನಿಗೆ.

ಊರಾಚೆ ಒಂದು ತಿರುವು. ಹಿಂದೆ ಕುದುರೆ ಸಾರೋಟುಗಳು ನೀರಿಗೆ ನಿಲ್ಲುತ್ತಿದ್ದ ಕಲ್ಲುಬಾವಿ ಅಲ್ಲಿದೆ, ಅದಕ್ಕೇ ಸಾರೋಟು ಬಾವಿ ತಿರುವು. ಪಕ್ಕದಲ್ಲಿ ಬೋಳು ಯೂಕಲಿಪ್ಟಸ್ ಮರ. ಗೋಧಿ ಲಾರಿಗಳು ನೂರರ ವೇಗದಲ್ಲಿ ಅಲ್ಲಿ ತಿರುಗುತ್ತವೆ, ತಿರುಗಿದ ಮೇಲಷ್ಟೇ ಎದುರಿಗೆ ಏನಿದೆ ಅಂತ ಕಾಣುವುದು. ಎದುರಿಗೆ ಇರುವುದು ಶಾಲೆ ಬಸ್ಸಿನ ನಿಲ್ದಾಣ. ದಿನಾ ಬೆಳಿಗ್ಗೆ ಏಳೂ ನಲವತ್ತಕ್ಕೆ ಅಲ್ಲಿ ಮೂರು ಮಕ್ಕಳು ನಿಲ್ಲುತ್ತಿದ್ದರು. ಎರಡು ಇಯೋನಾ ಹಾಲ್ಪಿನ್‌ದು, ಒಂದು ಪಕ್ಕದ ಕುರಿ ಫಾರ್ಮಿನವರದು. ವೇಗ ಅರವತ್ತಕ್ಕೆ ಇಳಿಸಿ, ತಿರುವಿಗೆ ತಡೆಕಂಬಿ ಹಾಕಿ ಅಂತ ಇಯೋನಾ ಹದಿನೈದು ದಿನಕ್ಕೊಮ್ಮೆ ಬರೆಯುತ್ತಿದ್ದಳು. ನಾಲ್ಕು ವರ್ಷ ಗಮನಿಸಲಾಯಿತು.

ಈಗ ಕೌನ್ಸಿಲ್‌ನ ಒಂದು ಒಳಗುಟ್ಟು ಹೇಳುತ್ತೇನೆ. ಒಂದು ತಿರುವನ್ನು ಸರಿಮಾಡಬೇಕಾದರೆ ಎರಡರಲ್ಲಿ ಒಂದಾಗಬೇಕು. ವಾರಕ್ಕೆ ಸಾವಿರದ ಐವತ್ತು ಗಾಡಿ ಓಡಬೇಕು, ಇಲ್ಲವೇ ಐದು ವರ್ಷದೊಳಗೆ ಮೂವರಿಗೆ ಅಪಘಾತವಾಗಿರಬೇಕು. ಈ ನಿಯಮವನ್ನು ಜನರಿಗೆ ಹೇಳಬಾರದೆಂದು ಹಳೆಯ ಮೇಲ್ವಿಚಾರಕ ನೆವಿಲ್‌ಗೆ ಮೊದಲ ದಿನವೇ ಕಿವಿಮಾತು ಹೇಳಿದ್ದ. ಹೇಳಿದರೆ ಜನ ಅದನ್ನು ಪೂರೈಸಲು ಹೊರಡುತ್ತಾರೆ ಅಂತ.

ನೆವಿಲ್ ಒಂದು ಸಲ ಬೇಕರಿಯಲ್ಲಿ ಇಯೋನಾಗೆ ಬಾಯ್ತಪ್ಪಿ ಗಾಡಿ ಲೆಕ್ಕ ಹೇಳಿಬಿಟ್ಟ. ಜೂನ್ ತಿಂಗಳಲ್ಲಿ ಎಣಿಕೆಗೆ ರಸ್ತೆಗೆ ಅಡ್ಡವಾಗಿ ಎರಡು ರಬ್ಬರ್ ಕೊಳವೆ ಹಾಸಿ, ಮರಕ್ಕೆ ಪೆಟ್ಟಿಗೆ ಬಿಗಿದು ಬಂದದ್ದೇ ತಡ... ಕಣಿವೆಯವರೆಲ್ಲ ಗಾಡಿ ತೆಗೆದರು. ಗಾಲಿ ಕೊಳವೆಯ ಮೇಲೆ ಹತ್ತಿದರೆ ಟಪ್, ಹಿಂದಿನ ಗಾಲಿ ಹತ್ತಿದರೆ ಟಪ್. ಟಪ್‌ಟಪ್ ಅಂದರೆ ಒಂದು ಗಾಡಿ. ಇಯೋನಾ ಅಡುಗೆಮನೆ ಗೋಡೆಯ ಮೇಲೆ ಸರದಿ ಪಟ್ಟಿ ಬರೆದಿಟ್ಟಿದ್ದಳು. ಯಾರು ಎಷ್ಟು ಗಂಟೆಗೆ, ಎಷ್ಟು ಸಲ ಹೋಗಿ ಬರಬೇಕು ಅಂತ. ಮುದುಕ ಗಸ್ ಮರಿನರ್ ನಲವತ್ತು ವರ್ಷದ ಮೇಲೆ ಹೆಂಡತಿಯನ್ನು ಸಂಜೆ ಸುತ್ತಾಟಕ್ಕೆ ಕರೆದುಕೊಂಡು ಹೋದ. ಅವಳಿಗೆ ಕಾರಣ ಗೊತ್ತಾದದ್ದು ಹನ್ನೊಂದನೇ ಸುತ್ತಿನಲ್ಲಿ. ಕಾರಿನ ಹಿಂದೆ ಕ್ಯಾರವಾನ್ ಮನೆಗಾಡಿ ಕಟ್ಟಿದರೆ ಪೆಟ್ಟಿಗೆ ಎರಡು ಅಂತ ಎಣಿಸುತ್ತದೆ ಎಂದು ಯಾರೋ ಬುದ್ಧಿವಂತ ಹೇಳಿದ್ದ. ಯಾರು ಅಂತ ಕೇಳಬೇಡ. ಎಣಿಸಲಿಲ್ಲ.

ನೆವಿಲ್‌ಗೆ ಎಲ್ಲ ಗೊತ್ತಿತ್ತು. ಕಂಡೂ ಕಾಣದಂತಿದ್ದ. ಜೂನ್ ಮೂವತ್ತಕ್ಕೆ ವರ್ಷದ ಕೆಲಸದ ಪಟ್ಟಿ ಮುಚ್ಚುತ್ತದೆ. ಆಮೇಲೆ ಹೊಸ ಮೇಲ್ವಿಚಾರಕ, ಹೊಸ ಕಡತ, ಮತ್ತೆ ನಾಲ್ಕು ವರ್ಷ.

ಎಣಿಕೆಯ ಆರನೇ ದಿನ. ಕೌನ್ಸಿಲ್ ಸಭೆ ಎಳೆದು ಎಳೆದು ಹನ್ನೊಂದಕ್ಕೆ ಮುಗಿಯಿತು. ಪಾರ್ಕಿನ ಬೆಂಚಿಗೆ ಯಾವ ಬಣ್ಣ ಅಂತ ಒಂದೂವರೆ ಗಂಟೆ ಮಾತಾಡಿದರು, ರಸ್ತೆಗೆ ನಾಲ್ಕು ನಿಮಿಷ. ನೆವಿಲ್ ಪಿಕಪ್ ಹತ್ತಿ ಮನೆಗೆ ಹೊರಟ. ಎರಡು ಕಿಲೋಮೀಟರ್ ಹೋಗಿರಬೇಕು, ಧಡ್... ಮುಂದಿನ ಗಾಲಿ ಗುಂಡಿಗೆ ಬಿದ್ದು ಅಲ್ಲೇ ಸಿಕ್ಕಿಕೊಂಡಿತು. ಇಳಿದು ಟಾರ್ಚ್ ಬಿಟ್ಟರೆ ಗುಂಡಿಯ ಸುತ್ತ ಬಿಳಿ ಬಣ್ಣದ ಗೆರೆ. ಮುಚ್ಚಬೇಕಾದದ್ದು ಅಂತ ಹನ್ನೊಂದು ತಿಂಗಳ ಹಿಂದೆ ಅವನೇ ಗೀಚಿದ್ದು. ಬೈಯಲೂ ಶಕ್ತಿ ಇರಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ನಡೆಯತೊಡಗಿದ.

ಜೂನ್ ತಿಂಗಳ ಚಳಿಗಾಲದ ರಾತ್ರಿ. ಚಂದ್ರನಿಲ್ಲ. ತೊರೆಯ ಕಡೆಯಿಂದ ಕಪ್ಪೆಗಳು ಕಟಕಟ ಅನ್ನುತ್ತಿದ್ದವು. ಬಾವಿ ಇನ್ನೂ ನೂರು ಹೆಜ್ಜೆ ಇರುವಾಗ...

ಕಪ್ಪೆಗಳು ನಿಂತವು. ಒಂದೊಂದಾಗಿ ಅಲ್ಲ. ಎಲ್ಲ ಒಟ್ಟಿಗೆ.

ಆಮೇಲೆ ಟಪ್‌ಟಪ್.

ಯಾರೋ ಸರದಿಗೆ ಬಂದಿರಬೇಕು ಅಂದುಕೊಂಡ. ಆದರೆ ಎಂಜಿನ್ ಸದ್ದಿಲ್ಲ. ದೀಪವಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್‌ಟಪ್. ಕಾಂಗರೂ ಇರಬಹುದು, ಅದು ಹಾರಿದರೂ ಪೆಟ್ಟಿಗೆ ಎಣಿಸುತ್ತದೆ. ಹತ್ತಿರ ಹೋದಂತೆ ಇನ್ನೊಂದು ಸದ್ದು ಕೇಳಿತು. ಎಣ್ಣೆ ಕಾಣದ ಗಾಲಿಯದು. ಕೀ...ಚ್. ಕೀ...ಚ್.

ಟಾರ್ಚ್ ಎತ್ತಿದ. ಒಬ್ಬ ಹೆಂಗಸು. ತೆಳ್ಳನೆಯ ಬೇಸಿಗೆ ಕೋಟು, ತಲೆಗೆ ಕಟ್ಟಿದ ಸ್ಕಾರ್ಫು. ಎತ್ತರದ ಗಾಲಿಯ, ಮುಸುಕು ಎಳೆದ ಹಳೇ ಕಾಲದ ಮಗುವಿನ ಗಾಡಿಯೊಂದನ್ನು ಕೊಳವೆಯ ಮೇಲೆ ತಳ್ಳುತ್ತಿದ್ದಳು. ಟಪ್‌ಟಪ್.

ನೆವಿಲ್‌ಗೆ ಹೆದರಿಕೆಯಾಗಲಿಲ್ಲ. ಸುಸ್ತಾಯಿತು. ಇಯೋನಾಳ ಪಟ್ಟಿಯಲ್ಲಿ ಕಾರಿಲ್ಲದವರೂ ಇದ್ದಾರೆ ಅಂದುಕೊಂಡ. ಈ ಚಳಿಯಲ್ಲಿ ಮಗುವನ್ನು ಹೊರಗೆ ತಂದಿದ್ದಾಳಲ್ಲ ಅಂತ ಬೇಜಾರೂ ಆಯಿತು.

“ಎಷ್ಟಾಯ್ತು?” ಅಂತ ಅವಳೇ ಕೇಳಿದಳು. ಪಿಸುಮಾತು. ಅಷ್ಟು ದೂರದಿಂದ ಕೇಳಿಸಬಾರದಿತ್ತು, ಕಿವಿಯ ಹತ್ತಿರವೇ ಕೇಳಿಸಿತು.

ಮಗುವಿನ ಗಾಡಿ ಲೆಕ್ಕಕ್ಕೆ ಬರುವುದಿಲ್ಲ ಅಂತ ನೆವಿಲ್ ತಿಳಿಸಿ ಹೇಳಿದ. ಎರಡು ಗಾಲಿಗಳ ನಡುವಿನ ಅಂತರ ನೋಡಿ ಪೆಟ್ಟಿಗೆ ಅದನ್ನು ಬೇರೆ ಮಾಡುತ್ತದೆ, ಆಮೇಲೆ ಅದನ್ನು ಪಟ್ಟಿಯಿಂದ ಹೊಡೆದುಹಾಕುವವನು ತಾನೇ, ಸುಮ್ಮನೆ ಶ್ರಮ ಬೇಡ, ಮನೆಗೆ ಹೋಗಿ ಅಂದ. ಮನೆ ಎಲ್ಲಿ ಅಂತ ವಿಚಾರಿಸಿದ. ಇಲ್ಲೇ, ತಿರುವಿನವಳು ಅಂದಳು. ದೂರು ಕೊಟ್ಟಿದ್ದೀರಾ ಅಂತ ಕೇಳಿದ. ಅವನಿಗೆ ಅದು ಉಸಿರಾಟದಂತೆ, ಯಾರನ್ನು ಕಂಡರೂ ಕೇಳುತ್ತಾನೆ. ಯಜಮಾನರು ಬರೆದಿದ್ದರು, ಕೌನ್ಸಿಲ್‌ನಿಂದ ಉತ್ತರವೂ ಬಂದಿತ್ತು ಅಂದಳು.

“ಏನಂತ ಬಂತು?”

“ಗಮನಿಸಲಾಗಿದೆ ಅಂತ.”

ನೆವಿಲ್ ಕೋಟಿನ ಕಾಲರ್ ಮೇಲೆಳೆದುಕೊಂಡ.

“ಹಾಗಾದ್ರೆ ಯಾವುದು ಲೆಕ್ಕಕ್ಕೆ ಬರತ್ತೆ, ಕೌನ್ಸಿಲ್‌ನವ್ರೇ?”

ಬೇಕರಿಯಲ್ಲಿ ಒಂದು ಸಲ ಜಾರಿದ್ದು ಬಿಟ್ಟರೆ ಮೂವತ್ತೊಂದು ವರ್ಷ ಬಿಗಿ ಹಿಡಿದ ಬಾಯಿ. ಆದರೆ ರಾತ್ರಿ ಹನ್ನೆರಡು ದಾಟಿತ್ತು, ಕಾಲು ನೋಯುತ್ತಿತ್ತು, ಹೇಳಿಬಿಟ್ಟ. ಒಂದೋ ಗಾಡಿಗಳು ಬೇಕು. ಇಲ್ಲ ಅಂದ್ರೆ ಮೂರು ಜನಕ್ಕೆ ಆಗಿರಬೇಕು, ಅಮ್ಮಾ.

ಅವಳು ಗಾಡಿಯ ಹಿಡಿ ಬಿಡಲಿಲ್ಲ. ಮುಸುಕಿನ ಒಳಗೆ ಒಮ್ಮೆ ಬಗ್ಗಿ ನೋಡಿದಳು.

“ನಮ್ಮದು ಇಬ್ಬರದ್ದೇ ಆಗಿರೋದು.”

“ಯಾವಾಗ?” ಅಂತ ಕೇಳಿತು ನೆವಿಲ್‌ನ ನಾಲಿಗೆ. ನಾಲಿಗೆಗೆ ರೂಢಿ. ತಲೆ ಇನ್ನೂ ಹಿಂದೆಯೇ ಇತ್ತು.

“ಐವತ್ತೆಂಟನೇ ಇಸವೀಲಿ.”

“ಐದು ವರ್ಷದೊಳಗೆ ಆಗಿರಬೇಕು...” ಅಷ್ಟು ಹೇಳುವ ಹೊತ್ತಿಗೆ ತಲೆ ಬಂದು ಮುಟ್ಟಿತು. ಟಾರ್ಚಿನ ಬೆಳಕು ಅವಳ ಕೋಟಿನ ಮೇಲಿತ್ತು... ಅವಳ ಹಿಂದಿದ್ದ ಬಾವಿಯ ಕಲ್ಲುಗಳ ಮೇಲೂ ಇತ್ತು. ಕಲ್ಲಿನ ಸಂದಿನ ಹುಲ್ಲು ಕೂಡ ಕಾಣುತ್ತಿತ್ತು. ಅವಳ ಮೂಲಕ.

ನೆವಿಲ್ ಒಂದು ಹೆಜ್ಜೆ ಹಿಂದೆ ಸರಿದ.

ಅವಳು ಕೋಪ ಮಾಡಿಕೊಳ್ಳಲಿಲ್ಲ. ಕೌಂಟರಿನಿಂದ ಕೌಂಟರಿಗೆ ಕಳಿಸಿಕೊಂಡ ಹೆಂಗಸು ತಲೆಯಾಡಿಸುವಂತೆ ತಲೆಯಾಡಿಸಿದಳು. ಅದೇ ದಣಿವು. ನೆವಿಲ್ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದ ದಣಿವು.

“ಹಾಗಾದ್ರೆ ಮೂರೂ ಹೊಸದಾಗಿ ಬೇಕು,” ಅಂದಳು. ಬಸ್ಸಿನ ನಿಲ್ದಾಣದ ಕಡೆ ತಿರುಗಿದಳು. ಆಮೇಲೆ, “ಬೆಳಿಗ್ಗೆ ಇಲ್ಲಿ ಮೂರು ಜನ ನಿಲ್ತಾರೆ.”

ಅಷ್ಟೇ ಹೇಳಿದ್ದು. ಹೆದರಿಸುವ ದನಿಯಲ್ಲ. ಲೆಕ್ಕ ಸರಿಹೋಯಿತು ಅನ್ನುವ ದನಿ. ಮಕ್ಕಳ ಬಗ್ಗೆ ಮರುಗಿ ಹೇಳಿದಳೋ, ಮತ್ತೇನೋ... ನೆವಿಲ್‌ಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ. ನಿಯಮ ಹೇಳಿದರೆ ಜನ ಪೂರೈಸಲು ಹೊರಡುತ್ತಾರೆ. ತಾನು ಹೇಳಿಬಿಟ್ಟಿದ್ದೇನೆ.

“ಬೇಡಮ್ಮಾ,” ಅಂದ. “ಅದು ಬೇಡ. ನಾನು... ನಾನು ನೋಡ್ಕೋತೀನಿ.”

“ಗಮನಿಸ್ತೀರಾ?”

“ಅಲ್ಲ. ಮಾಡಿಸ್ತೀನಿ.”

“ಯಾವಾಗ?”

“ಜೂನ್ ಮೂವತ್ತರೊಳಗೆ.”

ಮುಸುಕಿನ ಒಳಗಿನಿಂದ ಗಿಲಕಿಯ ಸದ್ದು ಬಂತು. ಗಿಲ್. ಒಂದೇ ಸಲ. ಅವಳು ಗಾಡಿ ತಳ್ಳಿದಳು. ಟಪ್‌ಟಪ್. ಕೀ...ಚ್, ಕೀ...ಚ್, ತೊರೆಯ ಕಡೆಯ ಕತ್ತಲೆಯಲ್ಲಿ ಸಣ್ಣಗಾಗುತ್ತ ಹೋಯಿತು. ಕಪ್ಪೆಗಳು ಶುರುಮಾಡಿದವು. ನೆವಿಲ್ ಮನೆಗೆ ಹೇಗೆ ಮುಟ್ಟಿದನೋ ಅವನಿಗೇ ನೆನಪಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಕಿತ್ತಳೆ ಕೋಟು ಹಾಕಿಕೊಂಡು, ಕೆಂಪು ಬಾವುಟ ಹಿಡಿದು ಆ ತಿರುವಿನಲ್ಲಿ ನಿಂತಿದ್ದ. ಬರುವ ಲಾರಿಯನ್ನೆಲ್ಲ ನಿಲ್ಲಿಸಿದ. ಮಕ್ಕಳು ಬಸ್ಸು ಹತ್ತಿದ ಮೇಲೇ ಕೈ ಇಳಿಸಿದ್ದು. ಏನಾಗಿದೆ ನಿನಗೆ ಅಂತ ಇಯೋನಾ ಕೇಳಿದರೆ, ರಸ್ತೆ ಪರಿಶೀಲನೆ ಅಂದನಂತೆ. ಅಲ್ಲಿಂದ ಮುಂದೆ, ಶಾಲೆ ಇದ್ದ ದಿನವೆಲ್ಲ ಹಾಗೇ ಪರಿಶೀಲಿಸಿದ.

ಎಣಿಕೆಯ ವಾರ ಮುಗಿದ ಮೇಲೆ ಪೆಟ್ಟಿಗೆ ಬಿಚ್ಚಿ ಕಚೇರಿಗೆ ತಂದ. ಮೊತ್ತ ಸಾವಿರದ ಎಪ್ಪತ್ತೊಂದು. ಬೇಕಾದದ್ದಕ್ಕಿಂತ ಹೆಚ್ಚು. ಆದರೆ ಅದರಲ್ಲಿ ನೂರ ಅರವತ್ತು ‘ಗುರುತಾಗದ್ದು’ ಅಂತ ಬಂದಿತ್ತು. ಏಳೂ ರಾತ್ರಿ, ಹನ್ನೆರಡರಿಂದ ನಾಲ್ಕರ ನಡುವೆ. ವೇಗ ಗಂಟೆಗೆ ನಾಲ್ಕು ಕಿಲೋಮೀಟರ್. ಗಾಲಿಗಳ ನಡುವೆ ಒಂದು ಮೀಟರಿಗಿಂತ ಕಡಿಮೆ ಅಂತರ. ಕ್ರಮದ ಪ್ರಕಾರ ಅವನ್ನು ಹೊಡೆದುಹಾಕಬೇಕು. ಹೊಡೆದರೆ ಒಂಬೈನೂರ ಹನ್ನೊಂದು. ಅಂದರೆ ತಿರುವು ಇದ್ದಂತೆಯೇ ಇರುತ್ತದೆ.

ಕೆಂಪು ಪೆನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದನಂತೆ. ಮೂವತ್ತೊಂದು ವರ್ಷದಲ್ಲಿ ಒಂದು ಕಾಂಗರೂವನ್ನೂ ಲೆಕ್ಕದ ಒಳಗೆ ಬಿಟ್ಟವನಲ್ಲ. ಕೊನೆಗೆ ಪೆನ್ನಿನ ಮುಚ್ಚಳ ಹಾಕಿದ. ಷರಾ ಅನ್ನುವ ಜಾಗದಲ್ಲಿ ನೀಲಿ ಶಾಯಿಯಲ್ಲಿ ಎರಡೇ ಪದ ಬರೆದ, ‘ಸ್ಥಳೀಯ ಸಂಚಾರ’. ಸಹಿ ಹಾಕಿದ. ಮೇಲಿನವರು ಯಾರೂ ತೆರೆದು ನೋಡಲಿಲ್ಲ. ಮೊತ್ತ ನೋಡಿದರು, ಒಪ್ಪಿದರು. ಜೂನ್ ಇಪ್ಪತ್ತೊಂಬತ್ತಕ್ಕೆ ತಡೆಕಂಬಿ ಬಂತು, ಅರವತ್ತರ ಫಲಕವೂ ಬಂತು. ಮರುದಿನದಿಂದ ನೆವಿಲ್ ಬಾವುಟ ಹಿಡಿಯಲಿಲ್ಲ. ಆ ಮೂರು ಮಕ್ಕಳು ಈಗ ಕಾಲೇಜಿಗೆ ಹೋಗುತ್ತವೆ. ಬೇಕಾದರೆ ಹೋಗಿ ಮಾತಾಡಿಸು.

ಇದೆಲ್ಲ ಹುಚ್ಚು, ಯಾರೋ ನಿನ್ನ ತಮಾಷೆ ಮಾಡಿದ್ದಾರೆ ಅಂತ ನಾನೂ ನೆವಿಲ್‌ಗೆ ಹೇಳಿದೆ. ನನ್ನ ಮುಖವನ್ನೇ ನೋಡಿದ. ನಾನಲ್ಲ ಅಂತ ಆಣೆ ಮಾಡಿದೆ. ನಿಜವಾಗಿಯೂ ನಾನಲ್ಲ, ಅಂಥ ಗಾಡಿ ನನಗೆಲ್ಲಿ ಸಿಗಬೇಕು? ಆಗ ಅವನು ಎದ್ದುಹೋಗಿ ಆ ಎಣಿಕೆಯ ಹಾಳೆ ತಂದು ಮುಂದಿಟ್ಟ. ಅದರಲ್ಲಿ ಕೊನೆಗೊಂದು ಕಾಲಂ ಇದೆ, ಗಾಡಿ ಯಾವ ಕಡೆಗೆ ಹೋಯಿತು ಅಂತ. ಎರಡು ಕೊಳವೆ ಹಾಸುವುದೇ ಅದಕ್ಕೆ. ಯಾವ ಕೊಳವೆ ಮೊದಲು ಒತ್ತಿಸಿಕೊಂಡಿತು ಅಂತ ನೋಡಿ ಪೆಟ್ಟಿಗೆ ದಿಕ್ಕು ಬರೆದುಕೊಳ್ಳುತ್ತದೆ. ನಾನು ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ನೂರ ಅರವತ್ತು ಸಲವೂ ಊರಿನಿಂದ ತೊರೆಯ ಕಡೆಗೆ.

ವಾಪಸ್ ಬಂದದ್ದು ಒಂದು ಸಲವೂ ಇಲ್ಲ.

ಆ ಹಾಳೆ ನನ್ನ ಹತ್ತಿರವೇ ಇದೆ. ಇಲ್ಲಿಲ್ಲ, ಮನೆಯಲ್ಲಿದೆ. ನಂಬಿದರೆ ನಂಬು, ನಡೆದದ್ದಂತೂ ನಡೆದದ್ದೇ. ನೋಡು, ಮಾತಿನಲ್ಲಿ ನನ್ನ ಪರ್ಸು ಪಿಕಪ್‌ನಲ್ಲೇ ಉಳಿದಿದೆ, ಈ ಕತ್ತಲೆಯಲ್ಲಿ ಈಗ ಹೊರಗೆ ಹೋಗುವವರು ಯಾರು... ನನ್ನ ಟೀದೂ ನಿನ್ನ ಲೆಕ್ಕದಲ್ಲೇ ಸೇರಿಸಿ ಕೊಟ್ಟುಬಿಡು ಮಾರಾಯ.