ಹೆಸರಿಲ್ಲದ ಕ್ರೀಮು

ಚರ್ಮದ ಡಾಕ್ಟರ ಬಾಗಿಲ ಮುಂದೆ ಟೈಲರಮ್ಮ ತನ್ನ ಸರದಿಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿಯ ಕೆನ್ನೆ ತುಂಬ ಕೆಂಪು ಮೊಡವೆ, ನಡುನಡುವೆ ಹಳೆಯವು ಬಿಟ್ಟುಹೋದ ಗುಳಿಗಳು. ಬೇಡವೆಂದರೂ ಟೈಲರಮ್ಮನ ಕಿವಿ ಅತ್ತಲೇ ವಾಲಿತು.

“ಒಳಗೆ ನಾನೂ ಬರ್ತೀನಿ,” ಎಂದಳು ಅಕ್ಕ.

“ಯಾಕಕ್ಕ? ನಾನೇನು ಚಿಕ್ಕ ಮಗುನಾ?”

“ನೀನು ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳೋಳು. ಮೊಡವೆ ಚಿವುಟಿದೆ, ಗುಳಿ ಬಿತ್ತು ಅನ್ನು, ಸಾಕು. ನನ್ನ ಪಾರ್ಲರ್ ಕ್ರೀಮಿನ ಸುದ್ದಿ ಎತ್ತಬೇಡ.”

“ಚಿವುಟಿದ್ದು ನಿಜಾನೇ. ಆದ್ರೆ ಗುಳಿಗೆ ಔಷಧಿ ಮಾಡೋಕೆ ಮುಂಚೆ ಮೊಡವೆ ನಿಲ್ಲಬೇಕಂತೆ. ಯಾಕೆ ನಿಲ್ತಿಲ್ಲ ಅಂತ ಕೇಳ್ತಾರಲ್ಲ?”

“ಮುಖ ಬೆಳ್ಳಗಾದಾಗ ನೀನೇ ಹಿರಿಹಿರಿ ಹಿಗ್ಗಿದ್ದೆ.”

“ಈಗ ಬಿಟ್ರೆ ಉರಿ, ಹಚ್ಚಿದ್ರೆ ಮೊಡವೆ. ಅದರಲ್ಲಿ ಏನಿದೆ ಅಕ್ಕ? ಡಬ್ಬಿ ಮೇಲೆ ಒಂದು ಹೆಸರೂ ಇಲ್ಲ.”

“ಊರೆಲ್ಲ ಹಚ್ಕೊಳ್ಳುತ್ತೆ.”

“ನೀನ್ಯಾಕೆ ಹಚ್ಕೊಳ್ಳಲ್ಲ?”

ಟೈಲರಮ್ಮ ಗಡಿಯಾರ ನೋಡುವವಳಂತೆ ತಿರುಗಿ ಅಕ್ಕನ ನುಣ್ಣನೆಯ ಕೆನ್ನೆ ನೋಡಿದಳು.

“ನನಗೆ ಪುರುಸೊತ್ತೆಲ್ಲಿದೆ?”

“ದಿನವಿಡೀ ಕನ್ನಡಿ ಮುಂದೇನೇ ನಿಂತಿರೋಳಿಗೆ?”

ಒಳಗಿಂದ ನರ್ಸ್ ಕರೆದಳು. ತಂಗಿ ಎದ್ದು, ಕರವಸ್ತ್ರದಲ್ಲಿ ಸುತ್ತಿದ್ದ ಡಬ್ಬಿಯನ್ನು ಕೈಚೀಲದಿಂದ ತೆಗೆದಳು.

“ಅದನ್ನ ತಂದಿದ್ದೀಯಾ!”

“ನೀನು ಇಲ್ಲೇ ಕೂತಿರು,” ಎಂದು ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಕ ಫೋನು ಕಿವಿಗಿಟ್ಟು ಮೆಟ್ಟಿಲ ಕಡೆ ನಡೆದಳು. ಟೈಲರಮ್ಮನಿಗೆ ಕೇಳಿಸಿದ್ದು ಇಷ್ಟೇ:

“ಪಾರ್ಲರಲ್ಲಿ ಯಾರಾದ್ರೂ ಕೂತಿದ್ದಾರಾ? ಅವರಿಗೆ ಆ ಕ್ರೀಮ್ ಹಚ್ಚಬೇಡ. ಹಚ್ಚಿದ್ರೆ ಈಗ್ಲೇ ತೊಳೆದುಬಿಡು.”