ಗೋಡೆಯಾಚೆಯ ಬಿಳಿ ಕಲ್ಲು

ಮಾನ್ಯ ಅಧ್ಯಕ್ಷರಾದ ಮರ್ವಿನ್ ಎಲಿಯಟ್ ಅವರೇ, ನಾಲ್ಕು ಊರಿನ ಚರ್ಚುಗಳನ್ನು ಒಂದೇ ಹಳೆಯ ಕಾರಿನಲ್ಲಿ ಓಡಾಡಿಕೊಂಡು ನಡೆಸುತ್ತಿರುವ ನಮ್ಮ ಸಭಾಪಾಲಕಿ ರೆವರೆಂಡ್ ಬೆರಿಲ್ ಅವರೇ, ಕ್ಯಾಥೊಲಿಕ್ ಸಭೆಯಿಂದ ದೊಡ್ಡ ಮನಸ್ಸು ಮಾಡಿ ಬಂದಿರುವ ಫಾದರ್ ಕಾನ್ ಅವರೇ, ಲೀಟ್ರಿಮ್ ಕೌಂಟಿಯ ಮೂಲೆಮೂಲೆಯಿಂದ ಬಂದಿರುವ ಹಳೆಯ ಚರ್ಚು ಮತ್ತು ಸಮಾಧಿ ಭೂಮಿ ಸಂರಕ್ಷಣಾ ಸಮಿತಿಯ ಬಂಧುಗಳೇ, ಸಭಿಕರೇ. ಹಿಂದೆ ಚಹಾದ ಮೇಜಿಗೆ ಒರಗಿಕೊಂಡು ಮೊಟ್ಟೆ ಸ್ಯಾಂಡ್‌ವಿಚ್‌ಗೆ ಕಾವಲು ನಿಂತಿರುವವರೇ, ನೀವೂ ಸಭಿಕರೇ. ಬಂದು ಕುಳಿತುಕೊಳ್ಳಿ, ಅವು ಎಲ್ಲಿಗೂ ಓಡಿಹೋಗುವುದಿಲ್ಲ.

ಅಧ್ಯಕ್ಷರು ಈಗಷ್ಟೇ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿದರು. ಹೇಜಲ್ ವಿಲ್ಟನ್ ಈ ಕೌಂಟಿಯ ಪ್ರಾಟೆಸ್ಟಂಟ್ ಚರ್ಚುಗಳನ್ನು ಒಂದೂ ಬಿಡದೆ ಸುತ್ತಿದಳು, ಸಮಾಧಿಗಳ ಮೇಲಿನ ಮುಳ್ಳು ಸವರಿದಳು, ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದಳು, ಎಲ್ಲವೂ ಪರಂಪರೆಯ ಮೇಲಿನ ಪ್ರೀತಿಯಿಂದ ಎಂದರು. ಮರ್ವಿನ್, ಮಾತು ಚೆನ್ನಾಗಿತ್ತು, ಆದರೆ ಪೂರ್ತಿ ನಿಜವಲ್ಲ. ಪರಂಪರೆ ಎಂದರೆ ನನಗೆ ಮೊದಲಿನಿಂದಲೂ ಆಕಳಿಕೆ.

ಎಂಥೆಂಥ ಚರ್ಚುಗಳಿಗೆ ಹೋಗಿದ್ದೇವೆ ನಾವು! ಸೂರು ಹಾರಿಹೋಗಿ ಕಾಗೆಗಳೇ ಆರಾಧನೆ ನಡೆಸುವ ಚರ್ಚು, ಗ್ರಂಥಾಲಯವಾದ ಚರ್ಚು, ದೀಕ್ಷಾಸ್ನಾನದ ತೊಟ್ಟಿಯಲ್ಲಿ ಕೋಳಿಗಳು ನೀರು ಕುಡಿಯುವ ಚರ್ಚು. ಎಲ್ಲ ಕಡೆಯೂ ನೀವೆಲ್ಲ ಸಭ್ಯರ ಹಾಗೆ ಗೇಟಿನಿಂದ ಒಳಗೆ ಹೋಗುತ್ತಿದ್ದಿರಿ. ನಾನು ಮಾತ್ರ ಗೋಡೆಯ ಹೊರಗೆ ಗಿಡಗಂಟಿಯಲ್ಲಿ ನುಗ್ಗಿ ಒಂದು ಸುತ್ತು ಬರುತ್ತಿದ್ದೆ. ಒಮ್ಮೆ ಮರ್ವಿನ್ ಕೇಳಿಯೇಬಿಟ್ಟರು.

"ಅಲ್ಲ ಹೇಜಲ್, ಗೇಟ್ ಇರೋದು ಈ ಕಡೆ. ನೀನ್ಯಾಕಮ್ಮ ಯಾವಾಗ್ಲೂ ಆ ಮುಳ್ಳಲ್ಲಿ ನುಗ್ತೀಯಾ?"

"ಮುಳ್ಳುಹಣ್ಣು ಕೀಳ್ತಿದೀನಿ. ಜಾಮ್ ಮಾಡ್ಬೇಕು," ಎಂದೆ.

"ಮಾರ್ಚ್ ತಿಂಗಳಲ್ಲಿ ಯಾವ ಹಣ್ಣು ಮಾರಾಯ್ತಿ?"

ನಗಬೇಡಿ. ನಾನು ಹುಡುಕುತ್ತಿದ್ದದ್ದು ಹಣ್ಣನ್ನಲ್ಲ. ಗೋಡೆಯ ಹೊರಗೆ ಹೂಳಿದ ಇನ್ನೊಂದು ಹೆಣ್ಣನ್ನು. ಎಲ್ಲಾದರೂ, ಯಾವ ಸಭೆಯಲ್ಲಾದರೂ, ನನ್ನ ಅಜ್ಜಿಯಂಥ ಇನ್ನೊಬ್ಬಳು ಸಿಕ್ಕಿದರೆ ಅಮ್ಮನಿಗೆ ಹೋಗಿ ಹೇಳಬಹುದಿತ್ತು: ನಮ್ಮ ಮನೆಯೊಂದೇ ಅಲ್ಲ, ಇನ್ನೊಂದು ಮನೆಯೂ ಇದೆ ಎಂದು. ಸಿಗಲಿಲ್ಲ.

ಇದು ಈ ಊರಿನ, ಡ್ರಮ್‌ಕೀಲ್‌ನ, ನಮ್ಮವರಿಗೆಲ್ಲ ಗೊತ್ತಿರುವ ವಿಷಯ. ಗೊತ್ತಿದ್ದೂ ಯಾರೂ ಬಾಯಿ ಬಿಡದ ವಿಷಯ. ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ. ನನ್ನ ಅಜ್ಜಿ ಲೆಟಿ ಒಂದು ಚಳಿಗಾಲದಲ್ಲಿ ಇಲ್ಲಿಯ ಕೆರೆಯಲ್ಲಿ ಮುಳುಗಿ ಸತ್ತಳು. ಆಗ ನನ್ನ ಅಮ್ಮ ಆಲಿವ್ ನಾಲ್ಕು ವರ್ಷದ ಮಗು. ಸ್ವಲ್ಪ ದಿನಕ್ಕೇ ಅಜ್ಜನೂ ದೂರದ ಕ್ಷಯದ ಆಸ್ಪತ್ರೆಯಲ್ಲಿ ಹೋದ, ಅಲ್ಲೇ ಮಣ್ಣಾದ. ಅಮ್ಮನನ್ನು ಅವಳ ಸೋದರತ್ತೆ ಟಿಲ್ಲಿ ಪಕ್ಕದ ಫರ್ಮಾನಾ ಕೌಂಟಿಗೆ ಕರೆದುಕೊಂಡು ಹೋದಳು. ಹನ್ನೆರಡರ ಹುಡುಗಿಯಾಗಿ ಅಮ್ಮ ಅತ್ತೆಯ ಜೊತೆ ತಿರುಗಿ ಬಂದು, ತಾಯಿಯ ಸಮಾಧಿ ಎಲ್ಲಿ ಎಂದು ಹುಡುಕಿದಳು. ಅಜ್ಜ ತಲೆಯ ಕಡೆ ಒಂದು ಬಿಳಿ ಕಲ್ಲು ನೆಟ್ಟಿದ್ದ, ಅಷ್ಟೇ ಗುರುತು. ಕಲ್ಲು ಸಿಕ್ಕಿತು. ಆದರೆ ಸಮಾಧಿ ಭೂಮಿಯ ಗೋಡೆಯ ಆಚೆಗೆ, ನೆರೆಯ ಕ್ಯಾಥೊಲಿಕ್ ರೈತರಾದ ಮೆಗವರ್ನ್ ಅವರ ಹುಲ್ಲುಗಾವಲಿನಲ್ಲಿ.

ಗೋಡೆಯ ಹೊರಗೆ ಯಾರನ್ನು ಹೂಳುತ್ತಾರೆ? ನಮ್ಮ ಹಳೆಯ ಜನರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ತನ್ನ ಜೀವವನ್ನು ತಾನೇ ತೆಗೆದುಕೊಂಡವರನ್ನು. ಅಮ್ಮ ಟಿಲ್ಲಿ ಅತ್ತೆಯನ್ನು ಕೇಳಿದಳು. ಅಜ್ಜಿಯ ಮಣ್ಣಿಗೆ ಬಂದಿರದ ಟಿಲ್ಲಿ ಅತ್ತೆಗೂ ಕಲ್ಲು ಕಂಡಿತು, ಗೋಡೆ ಕಂಡಿತು. "ಆ ಮಾತು ಬಿಡು ಮಗಾ," ಎಂದಳು. ಅಮ್ಮ ಬಿಟ್ಟಳು. ಎಂಬತ್ತೆಂಟು ವರ್ಷದವರೆಗೂ ಬಿಟ್ಟೇ ಇದ್ದಳು.

ಬಿಟ್ಟಳು ಎಂದರೆ ಬಾಯಲ್ಲಿ ಬಿಟ್ಟಳು. ಮದುವೆಯಾಗಿ ಇದೇ ಊರಿಗೆ ಬಂದ ಮೇಲೆ ಚರ್ಚಿನಲ್ಲಿ ಅವಳು ಕೂರುತ್ತಿದ್ದದ್ದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ. ಮುಂದೆ ಬಾ ಎಂದು ಯಾರು ಕರೆದರೂ ಅಲ್ಲಿ ಗಾಳಿ ಬೀಸುತ್ತದೆ ಎನ್ನುತ್ತಿದ್ದಳು. ಗಾಳಿ ಬೀಸುತ್ತಿದ್ದದ್ದು ಬಾಗಿಲ ಹತ್ತಿರ! ಇನ್ನು ನನ್ನನ್ನು ಕೆರೆಯ ಕಡೆ ಹೆಜ್ಜೆ ಇಡಲು ಬಿಡಲಿಲ್ಲ. ಊರಿನ ಮಕ್ಕಳೆಲ್ಲ ಬೇಸಿಗೆಯಲ್ಲಿ ಅಲ್ಲಿ ಬಿದ್ದು ಹೊರಳಾಡುವಾಗ ನಾನು ಕೋಳಿಗೂಡು ಗುಡಿಸುತ್ತಿದ್ದೆ. ಅವಳ ಭಯ ನೀರಿನದ್ದು ಎಂದುಕೊಂಡಿದ್ದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೆ ನಿಶ್ಚಯವಾಗಿದ್ದ ಮದುವೆ ಮುರಿದು ನಾನು ಊಟ ಬಿಟ್ಟಾಗ, ಅಮ್ಮ ಚಳಿಗಾಲವಿಡೀ ನನ್ನ ಕೋಣೆಯ ಬಾಗಿಲ ಮುಂದೆ ಹಾಸಿಗೆ ಹಾಸಿ ಮಲಗಿದಳು. ಆಗ ಗೊತ್ತಾಯಿತು, ಅವಳ ಭಯ ನೀರಿನದ್ದಲ್ಲ, ರಕ್ತದ್ದು. ಆಮೇಲೆ ಆ ಭಯ ನನಗೂ ಅಂಟಿತು. ಒಂದು ದಿನ ಬೇಜಾರಾದರೂ ಸಾಕು, ಇದು ಅದೇನಾ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ.

ಇದನ್ನೆಲ್ಲ ಇಲ್ಲಿ ಹೇಳಬೇಕು ಎಂದುಕೊಂಡು ಬಂದಿರಲಿಲ್ಲ. ನೀರು ಕುಡಿಯುತ್ತೇನೆ, ಒಂದು ನಿಮಿಷ.

ಹೋದ ವರ್ಷದ ಚಳಿಗೆ ಅಮ್ಮನಿಗೆ ಎದೆ ಕಟ್ಟಿತು. ಡಾಕ್ಟರು ಮುಖ ಸಣ್ಣ ಮಾಡಿಕೊಂಡು ಹೋದ ಮೇಲೆ ಹತ್ತಿರ ಕರೆದಳು.

"ಹೇಜಲ್, ನನ್ನನ್ನ ಪ್ಯಾಕಿ ಮೆಗವರ್ನ್ ಹುಲ್ಲುಗಾವಲಲ್ಲಿ ಹೂಳು."

"ಅಮ್ಮಾ, ಅದು ಹಸು ಮೇಯೋ ಜಾಗ!"

"ಮೇಯ್ಲಿ ಬಿಡು. ನಾನೇನು ಹಸುಗೆ ಹೆದರ್ತೀನಾ? ಅವಳು ಒಳಗೆ ಬರಕ್ಕಾಗಲ್ಲ. ನಾನು ಹೊರಗೆ ಹೋಗ್ಬೋದಲ್ಲ."

"ಅಪ್ಪನ ಪಕ್ಕದಲ್ಲಿ ನಿಂಗೆ ಜಾಗ ಇಟ್ಟಿದೀವಲ್ಲೇ."

"ನಿಮ್ಮಪ್ಪಂಗೆ ಅವರಮ್ಮ ಇದಾರೆ, ಅಣ್ಣತಮ್ಮಂದ್ರು ಇದಾರೆ. ನಮ್ಮಮ್ಮಂಗೆ ಯಾರಿದಾರೆ? ಮಾತು ಕೊಡು."

ಕೊಟ್ಟೆ. ಏನು ಮಾಡಲಿ? ಹಸು ಮೇಯುವ ಜಾಗದಲ್ಲಿ ಹೆಣ ಹೂಳಲು ಯಾವ ಸರ್ಕಾರ ಬಿಡುತ್ತದೆ? ಯಾವ ಸಭೆ ಒಪ್ಪುತ್ತದೆ? ಅಮ್ಮ ಚೇತರಿಸಿಕೊಂಡಳು, ದೇವರು ದೊಡ್ಡವನು. ಆದರೆ ಅವಳು ಕೆಮ್ಮಿದಾಗಲೆಲ್ಲ ನನಗೆ ಎರಡು ಸಂಕಟ: ಅಮ್ಮ ಹೋದರೆ ಎಂಬುದು ಒಂದು, ಹೋದ ಮೇಲೆ ಅವಳಿಗೆ ಕೊಟ್ಟ ಮಾತಿಗೆ ಏನು ಮಾಡಲಿ ಎಂಬುದು ಇನ್ನೊಂದು.

ಆಮೇಲೆ ಬಂತು ನೋಡಿ ಈ ವರ್ಷದ ಬೇಸಿಗೆ. ಲೀಟ್ರಿಮ್‌ನಲ್ಲಿ ಮಳೆ ನಿಂತಿತು! ಜೊಂಡಿಗೇ ಹುಟ್ಟಿದ ನೆಲ ಇದು, ದನ ಕಟ್ಟಿಹಾಕಿ ಬಂದರೆ ಮುಳುಗಿ ಹೋದೀತೇ ಎಂದು ತಿರುತಿರುಗಿ ನೋಡುವ ನೆಲ. ಅಂಥದ್ದು ಬಿರುಕು ಬಿಟ್ಟಿತು. ನಮಗೆ ಬಿಸಿಲಿನ ಬಗ್ಗೆ ಗೊಣಗುವ ಅಭ್ಯಾಸವೇ ಇಲ್ಲದೆ, ಹೇಗೆ ಗೊಣಗುವುದು ಎಂದೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಪ್ಯಾಕಿ ಮೆಗವರ್ನ್ ಏದುಸಿರು ಬಿಡುತ್ತಾ ನಮ್ಮ ಅಂಗಳಕ್ಕೆ ಬಂದ. ಅಗೋ, ಕಿಟಕಿಯ ಪಕ್ಕ ಕೂತಿದ್ದಾನೆ, ಮಗಳ ಮದುವೆಯ ಕೋಟು ಹಾಕಿಕೊಂಡು.

"ಬಾರಮ್ಮ ಹೇಜಲ್, ಬೇಗ ಬಾ! ನಿಮ್ಮ ಚರ್ಚು ನನ್ನ ಹುಲ್ಲುಗಾವಲಿಗೆ ನುಗ್ಗಿದೆ!"

"ಬೆಳಬೆಳಿಗ್ಗೇನೇ ಹಾಕ್ಕೊಂಡಿದೀಯೇನೋ?"

"ಇನ್ನೂ ಚಹಾನೂ ಕುಡಿದಿಲ್ಲ ಕಣೇ. ಬಾ ಅಂದ್ರೆ ಬಾ."

ಹೋಗಿ ನೋಡಿದೆ. ಹುಲ್ಲೆಲ್ಲ ಬಾಡಿತ್ತು ನಿಜ, ಆದರೆ ಒಂದು ಕಡೆ ಪೂರಾ ಒಣಗಿ ಹಳದಿಯಾಗಿತ್ತು. ಒಂದು ಗೆರೆ. ನಮ್ಮ ಗೋಡೆಯ ಮೂಲೆಯಿಂದ ಹೊರಟು, ಹುಲ್ಲುಗಾವಲಿನೊಳಗೆ ನೇರ ನಡೆದು, ತಿರುಗಿ, ಮತ್ತೆ ಗೋಡೆಗೆ ಬಂದು ಸೇರಿತ್ತು. ಮಣ್ಣಿನ ಅಡಿಯಲ್ಲಿ ಕಲ್ಲಿನ ತಳಪಾಯ ಇದ್ದರೆ ಅದರ ಮೇಲಿನ ಹುಲ್ಲು ಮೊದಲು ಒಣಗುತ್ತದೆ. ಅದು ಹಳೆಯ ಗೋಡೆ. ಆ ಗೆರೆಯ ಒಳಗೆ, ಬಿಳಿ ಕಲ್ಲು.

ಆ ಗೆರೆಯ ಮೇಲೆಯೇ ಒಂದು ಸುತ್ತು ನಡೆದೆ. ಆದರೂ ನಂಬಲು ಧೈರ್ಯ ಬರಲಿಲ್ಲ. ಗೋಡೆ ಮೊದಲು ಅಲ್ಲಿತ್ತು, ಸರಿ. ಅಜ್ಜಿಯನ್ನು ಹೂಳಿದ್ದು ಗೋಡೆ ಸರಿಯುವ ಮುಂಚೆಯೋ, ಆಮೇಲೋ? ಅಷ್ಟರಲ್ಲಿ ಪ್ಯಾಕಿ ದನಗಳಿಗೆ ಉಪ್ಪಿನ ಗಟ್ಟಿ ಇಡುತ್ತಿದ್ದ ಚಪ್ಪಟೆ ಕಲ್ಲನ್ನು ಹಾರೆಯಿಂದ ಮಗುಚಿದ. ಅಡಿಯಲ್ಲಿ ಅಕ್ಷರ! ಈ ಸಭೆಯನ್ನು ಇನ್ನೂರು ವರ್ಷದ ಹಿಂದೆ ನಡೆಸಿದ ಪಾದ್ರಿ, ರೆವರೆಂಡ್ ಹಂಫ್ರಿ ಬೀಟಿಯ ಸಮಾಧಿಗಲ್ಲು. ಪ್ಯಾಕಿ ಶಿಲುಬೆಯ ಗುರುತು ಹಾಕಿಕೊಂಡ.

"ಅಯ್ಯೋ ದೇವ್ರೇ! ಇಷ್ಟು ವರ್ಷ ಪ್ರಾಟೆಸ್ಟಂಟ್ ಪಾದ್ರಿ ನೆತ್ತಿ ಮೇಲೆ ಉಪ್ಪು ಇಟ್ಟಿದೀನಲ್ಲೇ!"

ಗೋಡೆಯ ಹೊರಗಿರುವವರೆಲ್ಲ ಕೆರೆಗೆ ಹಾರಿದವರೇ ಆದರೆ, ಪಾದ್ರಿಯೂ ಹಾರಿದನೇ? ನನಗೆ ನಗು ಬಂತು. ನಗುತ್ತಾ ನಗುತ್ತಾ ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿ ಅತ್ತೆ. ಪ್ಯಾಕಿ ಪಾಪ, ಏನು ಮಾಡಬೇಕೆಂದು ತೋಚದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಲ್ಲಿಂದ ನೇರ ವೃದ್ಧಾಶ್ರಮಕ್ಕೆ ಹೋದೆ, ಮಿಸ್ ಐನಾ ವೀಚ್ ಅವರ ಬಳಿಗೆ. ನಮ್ಮ ಸಭೆಯ ಅತ್ಯಂತ ಹಿರಿಯರು, ಅಜ್ಜಿ ಸತ್ತಾಗ ಹತ್ತು ವರ್ಷದವರು. ನನ್ನ ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದೆ. ಅವರು ಕಂಬಳಿ ಸರಿ ಮಾಡಿಕೊಂಡು, ಇದೇನು ದೊಡ್ಡ ವಿಷಯ ಎನ್ನುವಂತೆ ಹೇಳಿದರು.

"ಗೋಡೆ ಸರಿದಿದ್ದು ಹೌದು ಕಣಮ್ಮ. ನಿಮ್ಮಜ್ಜ ಹೋದ್ಮೇಲೆ ಒಂದು ಬಿರುಗಾಳಿ ಬಂತು ನೋಡು, ಆಗ ಬಿತ್ತು. ರಾತ್ರೋರಾತ್ರಿ ಅರ್ಧ ಕಲ್ಲು ಮಾಯ. ಊರಲ್ಲಿರೋ ಕೊಟ್ಟಿಗೆ ಗೋಡೆ ನೋಡು, ಅದೇ ಕಲ್ಲು, ಕ್ಯಾಥೊಲಿಕರದ್ದೂ ನಮ್ಮದ್ದೂ. ಆ ವಿಷಯದಲ್ಲಿ ಎರಡು ಸಭೇನೂ ಒಂದೇ! ಉಳಿದಿದ್ದ ಕಲ್ಲಿಗೆ ಸಾಕಾಗೋಷ್ಟು ಗೋಡೆ ಕಟ್ಟಿದ್ರು ನಮ್ಮಪ್ಪ. ಆ ಮೂಲೇಲಿ ಹೆಸರಿರೋ ಕಲ್ಲು ಒಂದೂ ಕಾಣ್ತಿರ್ಲಿಲ್ಲ."

"ಮತ್ತೆ... ನಮ್ಮಜ್ಜಿ?"

"ಲೆಟೀನಾ? ಅವಳ ಕರು ಹೆಪ್ಪುಗಟ್ಟಿದ ಕೆರೆ ಮೇಲೆ ಹೋಗ್ಬಿಟ್ಟಿತ್ತು. ಹಿಡಿಯೋಕೆ ಹೋದ್ಲು, ಮಂಜುಗಡ್ಡೆ ಒಡೀತು. ಎಳೆದು ತಂದೋರು ನಮ್ಮಪ್ಪಾನೇ. ಕೈಗೆ ಹಗ್ಗ ಸುತ್ಕೊಂಡಿದ್ಲು. ಕರು ಬದುಕ್ತು, ಗೊತ್ತಾ? ಸಾಯೋಕೆ ಹೋಗೋಳು ಕರು ಹಗ್ಗ ತಗೊಂಡು ಹೋಗ್ತಾಳಾ? ಪಾದ್ರಿ ಬಂದು ಪೂರ್ತಿ ಪ್ರಾರ್ಥನೆ ಓದಿ ಮಣ್ಣು ಮಾಡಿದ್ರು. ನಾನೂ ಇದ್ದೆ."

"ಐನಾ ಅಜ್ಜೀ, ಇದನ್ನ ನಮ್ಮಮ್ಮಂಗೆ ಯಾಕೆ ಹೇಳ್ಲಿಲ್ಲ?"

"ಅವಳು ಕೇಳ್ಲೇ ಇಲ್ವಲ್ಲ ತಾಯಿ. ತಾಯಿ ಕಳ್ಕೊಂಡ ಮಗು, ನಾವಾಗೇ ಎತ್ತಿ ನೋವು ಮಾಡ್ಬಾರ್ದು ಅಂತ ಎಲ್ರೂ ಸುಮ್ನಿದ್ವಿ."

ಸಭಿಕರೇ, ಇದು ನಮ್ಮ ಜನ! ಈ ಕೌಂಟಿಯಲ್ಲಿ ನಾವು ಪ್ರಾಟೆಸ್ಟಂಟರು ಒಂದು ಹಿಡಿ. ಒಬ್ಬರ ಮನಸ್ಸನ್ನು ಒಬ್ಬರು ನೋಯಿಸುವುದಿಲ್ಲ. ಬಾಯಿ ಮುಚ್ಚಿಕೊಂಡು ಕೇಕ್ ಕೊಟ್ಟು ಕಳಿಸುತ್ತೇವೆ. ನೀವೆಲ್ಲ ಸುಮ್ಮನಿದ್ದದ್ದು ಮರ್ಯಾದೆಯಿಂದ. ಅಮ್ಮ ಅದನ್ನು ನಾಚಿಕೆ ಎಂದು ತಿಳಿದಳು. ನೀವು ಕರುಣೆಯಿಂದ ನೋಡಿದಾಗಲೆಲ್ಲ ಅವಳು ಇನ್ನೊಂದು ಬೆಂಚು ಹಿಂದಕ್ಕೆ ಹೋದಳು. ಯಾರ ಮೇಲೂ ನನಗೆ ಸಿಟ್ಟಿಲ್ಲ. ಸುಳ್ಳು, ಸ್ವಲ್ಪ ಇದೆ, ಚಹಾ ಕುಡಿದರೆ ಹೋಗುತ್ತದೆ.

ಇನ್ನೊಂದು ಮಾತು ಫಾದರ್ ಕಾನ್ ಅವರಿಗೆ. ನಾನು ಚಿಕ್ಕವಳಿದ್ದಾಗ ಕ್ಯಾಥೊಲಿಕರು ನಮ್ಮ ಶವಸಂಸ್ಕಾರಕ್ಕೆ ಒಳಗೆ ಬರುವಂತಿರಲಿಲ್ಲ, ಅವರ ಪಾದ್ರಿಗಳ ಅಪ್ಪಣೆ. ಗೋಡೆಯ ಹೊರಗೆ ಟೋಪಿ ತೆಗೆದು ನಿಲ್ಲುತ್ತಿದ್ದರು. ಪ್ಯಾಕಿಯ ಅಪ್ಪ ಪ್ರತಿ ಸಲವೂ ಆ ಬಿಳಿ ಕಲ್ಲಿನ ಪಕ್ಕ ಬಂದು ನಿಲ್ಲುತ್ತಿದ್ದರು, ಆ ಮೂಲೆಗೆ ಅವರು ನೇಗಿಲನ್ನೂ ತಾಗಿಸಲಿಲ್ಲ. ಚರ್ಚಿನ ಕಿಟಕಿಯಿಂದ ನೋಡಿ ಅಮ್ಮ, "ಇವತ್ತು ಅಮ್ಮಂಗೆ ಜೊತೆ ಇದೆ," ಎನ್ನುತ್ತಿದ್ದಳು. ಈಗ ನೋಡಿದರೆ ಆ ಮನುಷ್ಯ ಜೀವಮಾನವಿಡೀ ನಮ್ಮ ಸಮಾಧಿ ಭೂಮಿಯ ಒಳಗೇ ನಿಂತಿದ್ದರು! ಫಾದರ್, ಆ ಪಾಪಕ್ಕೆ ಈಗ ಏನಾದರೂ ಪ್ರಾಯಶ್ಚಿತ್ತ ಇದ್ದರೆ ಮಗ ಪ್ಯಾಕಿಗೆ ಹಾಕಿ, ಅವನಿಗೆ ಕೆಲಸ ಕಡಿಮೆ.

ಇಲ್ಲ, ಪ್ಯಾಕಿ, ತಮಾಷೆಗೆ ಹೇಳಿದೆ. ಪ್ಯಾಕಿ ಆ ಮೂಲೆಯನ್ನು ಯಾರೂ ಕೇಳುವ ಮೊದಲೇ ಬಿಟ್ಟುಕೊಟ್ಟ. ಕಲ್ಲು ಎಲ್ಲಿಂದ ತರುವುದು ಎಂದು ಸಮಿತಿ ತಲೆ ಕೆರೆದುಕೊಳ್ಳುತ್ತಿದ್ದಾಗ, ತನ್ನ ಕೊಟ್ಟಿಗೆಯ ಹಿಂಗೋಡೆ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದ. "ಬಡ್ಡಿ ಮಾತ್ರ ಕೇಳ್ಬೇಡ್ರಪ್ಪ," ಎಂದ. ನೀವೆಲ್ಲ ಉಳಿದ ಬೇಸಿಗೆಯಿಡೀ ಆ ಹಳದಿ ಗೆರೆ ಇದ್ದ ಕಡೆಯೇ ಗೋಡೆ ಎಬ್ಬಿಸಿದಿರಿ. ಮರ್ವಿನ್ ಬೆರಳು ಜಜ್ಜಿಕೊಂಡರು, ಆಡಿದ ಮಾತನ್ನು ರೆವರೆಂಡ್ ಬೆರಿಲ್ ಕೇಳಿಸಿಕೊಳ್ಳಲಿಲ್ಲ.

ಅಮ್ಮನಿಗೆ ವಿಷಯ ಹೇಳಿದ್ದು ಹೇಗೆ ಎಂದು ಬಹಳ ಜನ ಕೇಳಿದ್ದೀರಿ. ಐನಾ ಅಜ್ಜಿ ಹೇಳಿದ್ದನ್ನು, ಕೈಗೆ ಸುತ್ತಿದ್ದ ಹಗ್ಗದವರೆಗೆ, ಹಾಗೆಯೇ ಹೇಳಿದೆ.  ಅಮ್ಮ ಕೇಳಿದ್ದು ಒಂದೇ.

"ಕರು ಬದುಕ್ತಾ?"

"ಬದುಕ್ತಂತೆ ಅಮ್ಮಾ."

"ಸದ್ಯ," ಎಂದಳು. ಎಂಬತ್ನಾಲ್ಕು ವರ್ಷದ ಹಿಂದಿನ ಕರುವಿಗೆ ನಿಟ್ಟುಸಿರು ಬಿಟ್ಟು, ಶಾಲನ್ನು ಮುಖಕ್ಕೆ ಒತ್ತಿಕೊಂಡಳು.

ಇವತ್ತು ಬೆಳಿಗ್ಗೆ ನೀವೇ ನೋಡಿದಿರಿ. ವಾಕರ್ ಹಿಡಿದುಕೊಂಡು ಮಧ್ಯದ ದಾರಿಯಲ್ಲಿ ನಡೆದಳು, ನಡೆದಳು, ಮೊದಲನೆಯ ಬೆಂಚಿನವರೆಗೂ ನಡೆದಳು. ಅಲ್ಲಿ ನಮ್ಮ ಅಧ್ಯಕ್ಷರ ಮನೆಯವರು ಮೂರು ತಲೆಮಾರಿನಿಂದ ಕೂರುತ್ತಿದ್ದಾರೆ. "ಮರ್ವಿನ್, ಸ್ವಲ್ಪ ಸರಿಯಪ್ಪ," ಎಂದಳು. ಮರ್ವಿನ್ ಸರಿದರು. ಆರಾಧನೆ ಮುಗಿದ ಮೇಲೆ ಹೊಸ ಗೋಡೆಯ ಒಳಗೆ ಬಿಳಿ ಕಲ್ಲಿನ ಪಕ್ಕ ನಿಂತು ನೆಲ ನೋಡಿ, "ಇಲ್ಲಿ ನಂಗೆ ಜಾಗ ಸಾಕು. ಆದ್ರೆ ಅರ್ಜೆಂಟೇನಿಲ್ಲ," ಎಂದಳು. ಕೊಟ್ಟ ಮಾತು ಉಳಿಯಿತು, ಹುಲ್ಲುಗಾವಲೂ ಉಳಿಯಿತು. ನನ್ನ ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿದ ಹಾಗಾಗಿದೆ.

ಇನ್ನೂ ಮಾತಾಡಬೇಕೆಂದಿದ್ದೆ. ಸಮಿತಿಯ ಮುಂದಿನ ಕೆಲಸಗಳ ಬಗ್ಗೆ ನಾಲ್ಕು ಹಾಳೆ ಬರೆದುಕೊಂಡೂ ಬಂದಿದ್ದೇನೆ. ಆದರೆ ಮುಂದಿನ ಸಾಲಿನಲ್ಲಿ ಅಮ್ಮ ಆಗಲೇ ಕೋಟು ಹಾಕಿಕೊಂಡು ಗುಂಡಿ ಹಾಕುತ್ತಿದ್ದಾಳೆ. ಬೆಳಕು ಇರುವಾಗಲೇ ಅವಳನ್ನು ಕರೆದುಕೊಂಡು ಹೋಗಬೇಕಂತೆ. ಎಲ್ಲಿಗೆ ಅಮ್ಮಾ ಎಂದರೆ, "ಕೆರೆಗೆ ಕಣೇ. ನೀನೂ ಕಾಲು ಅದ್ದು, ನೀನಿನ್ನೂ ನೋಡೇ ಇಲ್ವಲ್ಲ," ಎಂದಳು.

ಆದ್ದರಿಂದ ಕಲ್ಲು ಹೊತ್ತವರಿಗೆ, ಕಲ್ಲು ತಿರುಗಿ ಕೊಟ್ಟವರಿಗೆ, ಕೊನೆಗಾದರೂ ಬಾಯಿ ಬಿಟ್ಟ ಐನಾ ಅಜ್ಜಿಗೆ, ಇಷ್ಟು ಹೊತ್ತು ಚಹಾ ಆರಲು ಬಿಟ್ಟು ಕೇಳಿದ ನಿಮಗೆಲ್ಲರಿಗೂ ವಂದನೆಗಳು. ನಾವು ಹೊರಟೆವು. ನಮಸ್ಕಾರ.