ನೀಲಿ ಗೇಟಿನ ಆಚೆ ಎಲ್ಲಾ ಸರಿಯಾಗಿದೆ

...ಏನೇ ನಗ್ತೀಯ? ತಲೆ ಮಾತ್ರ ಹೊರಗೆ ಹಾಕಿ ಮಾತಾಡಿದ್ರೆ ನಗು ಬರುತ್ತಾ? ಗಾಳಿ ಕಣೆ, ಗಾಳಿ! ಸರೋವರದ ಕಡೆಯಿಂದ ಬೀಸ್ತಿದೆ, ಮೈಗೆ ತಾಗಬಾರದು ಅಂತ ಗೇಟಿನ ಹಿಂದೆ ನಿಂತಿದೀನಿ. ಹೂಂ, ಬೇಸಿಗೇನೇ. ಬೇಸಿಗೆ ಗಾಳಿ ಇನ್ನೂ ಕೆಟ್ಟದ್ದು. ನಿನಗೇನು ಗೊತ್ತು.

ಇಲ್ಲ ಉಮ್ಸುನ್, ಆಗಲೇ ಹೇಳಿದ್ನಲ್ಲ, ನಮ್ಮನೆಗೆ ಏನೂ ಆಗಿಲ್ಲ. ನಿನ್ನೆ ಮಧ್ಯಾಹ್ನ ಬೆಟ್ಟದಿಂದ ಕೆಸರು ಇಳೀತು, ಇಲ್ಲೀತನಕ ಬಂತು, 'ಓಹೋ, ಇದು ಕಾಲಿಪಾಳ ಮನೆ' ಅಂತ ಪಕ್ಕಕ್ಕೆ ತಿರುಗಿ ಹೋಯ್ತು. ಅಷ್ಟೇ. ಮತ್ತೆ ನಗ್ತೀಯ! ಕೆಸರಿಗೂ ಒಂದು ಮರ್ಯಾದೆ ಅಂತ ಇರುತ್ತೆ.

ಮೊದಲು ನಿನ್ನ ವೇಷ ನೋಡ್ಕೋ. ಆ ಕಿತ್ತಳೆ ಬಣ್ಣದ ಅಂಗಿ! ಸ್ವಯಂಸೇವಕಿಯಂತೆ! ಯಾವ ಪುಣ್ಯಾತ್ಮ ಕೊಟ್ಟ? ಗುಂಡಿ ಹಾಕಬೇಡ ಮಾರಾಯ್ತಿ, ಉಸಿರು ನಿಲ್ಲುತ್ತೆ, ಆಮೇಲೆ ನಿನ್ನನ್ನ ಹೊರೋಕೆ ಇನ್ನೊಂದು ತಂಡ ಕರೆಸಬೇಕಾಗುತ್ತೆ. ನಿನ್ನ ಗಂಡನೂ ಸಲಿಕೆ ಹಿಡಿದಿದಾನಾ? ಸುಳ್ಳು ಹೇಳಬೇಡ. ನನ್ನ ಮೈದುನನನ್ನ ನಾನು ನೋಡಿಲ್ವಾ? ಅವನು ಚಮಚ ಹಿಡಿದರೇ ಸುಸ್ತಾಗ್ತಾನೆ.

ನಿಜವಾಗ್ಲೂ? ರಾಜಧಾನಿ ಬಿಷ್ಕೆಕ್‌ನಿಂದ ಬಂದ ಪರಿಹಾರದ ಲಾರಿ ತುಂಬಾ ಬರೀ ಎತ್ತರ ಹಿಮ್ಮಡಿ ಚಪ್ಪಲಿನಾ? ಮತ್ತೆ ಮದುವೆ ಗೌನಾ! ಕೆಳಗಿನ ಕೇರಿಯ ಜುಮಾಶ್ ಅಜ್ಜ ಹೆಂಗಸರ ಮಿರಿಮಿರಿ ಕೋಟು ಹಾಕ್ಕೊಂಡು ಕೆಸರು ಎತ್ತುತ್ತಿದಾನೆ ಅಂದ್ರು, ನಾನು ನಂಬಿರಲಿಲ್ಲ. ಪಾಪ, ಕೊಟ್ಟವರ ಮನಸ್ಸು ಒಳ್ಳೇದೇ. ಆದ್ರೆ ಮನೆಗೆ ಕೆಸರು ನುಗ್ಗಿದವರು ಕುಣಿಯೋಕೆ ಹೋಗ್ತಾರೆ ಅಂದ್ಕೊಂಡ್ರಾ?

ನೋಡು, ಅಲ್ಲಿಗೆ ಹೋಗಿ ನೀವು. ಅಜ್ಜನ ಕೋಳಿಗೂಡಿಗೆ. ಅಲ್ಲಿ ಕೆಲಸ ಇದೆ. ಏನು? ಮುಗೀತಾ? ಸುಣ್ಣಾನೂ ಹೊಡೆದ್ರಾ? ಕೋಳಿಗೂಡಿಗೆ ಸುಣ್ಣ! ಹೂಂ... ಬೆಳಗ್ಗೆಯಿಂದ ಈ ಗೇಟಿಗೆ ಬಂದವರನ್ನೆಲ್ಲಾ ನಾನೇ ಅಲ್ಲಿಗೆ ಕಳಿಸಿದೆ. ಸಲಿಕೆ ಹಿಡಿದು ಬಂದ ಕಾಲೇಜು ಹುಡುಗ್ರು, ಆ ಡೊಳ್ಳು ಹೊಟ್ಟೆಯ ವೈದ್ಯ, ಮಸೀದಿಯವರು, ಎಲ್ಲರನ್ನೂ. ಅಜ್ಜ ಅಳ್ತಿದಾನಾ? ಖುಷಿಗಾ? ಓ, ಕೋಳಿಗಳು ಹೆದರಿ ಮರ ಹತ್ತಿ ಕೂತಿವೆ ಅಂತಾನಾ... ಇಳೀತಾವೆ ಬಿಡು. ಹೊಸ ಮನೆಗೆ ಒಗ್ಗಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ.

ಏನು ಕೈ ಚಾಚ್ತೀಯ? ರೊಟ್ಟಿನಾ?

ಹೌದು, ಗೊತ್ತು. ಬಾಗಿಲ ತನಕ ಬಂದವರು ಒಂದು ಚೂರು ರೊಟ್ಟಿ ಬಾಯಿಗೆ ಹಾಕ್ಕೊಳ್ಳದೆ ಹೋಗಬಾರದು. ನನಗೇ ಹೇಳ್ಕೊಡ್ತೀಯಾ? ರಸ್ತೆ ಬದಿಯಲ್ಲಿ ರೊಟ್ಟಿ ಮಾರಿ ಬದುಕು ಕಟ್ಟಿದವಳಿಗೆ? ರೊಟ್ಟಿ ಇದೆ. ಒಲೇಲಿದೆ. ಬೇಯ್ತಿದೆ. ಹೊಗೆ ಕಾಣಿಸ್ತಿಲ್ವಾ? ಸೌದೆ ಚೆನ್ನಾಗಿ ಒಣಗಿದೆ ಕಣೆ, ಹೊಗೆ ಬರೋದಿಲ್ಲ. ವಾಸನೆ? ವಾಸನೇನೂ ಬರಲ್ಲ. ಅಂಥಾ ಸೌದೆ ಅದು. ಅಯ್ಯೋ, ನಗು, ನಗು! ಹೊಟ್ಟೆ ಹಿಡ್ಕೊಂಡು ನಗು, ಆ ಅಂಗಿ ಹರಿಯುತ್ತೆ ಅಷ್ಟೇ.

ಒಳಗೆ ಬರೋದು ಬೇಡ ಅಂದೆ! ಬಂದ್ರೆ ಚಹಾ ಮಾಡಬೇಕು, ಹಾಸು ಹಾಸಬೇಕು, ನೀನು ಕೂತ್ರೆ ಸಂಜೆ ಆಗುತ್ತೆ. ನಿನ್ನ ತಂಡಾನೂ ಬರುತ್ತೆ. ಅಶಾರ್ ಅಂತ ಊರವರು ಹತ್ತು ಜನ ಸೇರಿ ಬಿಟ್ಟಿ ಕೆಲಸಕ್ಕೆ ಕೈ ಹಾಕಿದ್ರೆ ಇಪ್ಪತ್ತು ಬಾಯಿಗೆ ಉಣಬಡಿಸಬೇಕು. ನಿಮ್ಮನೆ ಕಟ್ಟಿದಾಗ ನೋಡಿಲ್ವಾ? ಊರಿಗೆ ಊರೇ ಬಂತು. ಇಟ್ಟಿಗೆ ಇಟ್ಟಿದ್ದು ಕಮ್ಮಿ, ಪಲಾವ್ ತಿಂದದ್ದು ಜಾಸ್ತಿ. ಅದಕ್ಕೇ ಅಲ್ವಾ ನಿಮ್ಮ ಪಡಸಾಲೆ ಗೋಡೆ ಇವತ್ತಿಗೂ ಅಮಲೇರಿದವನ ಥರ ವಾಲಿ ನಿಂತಿರೋದು?

ನನ್ನ ಮನೆ ಹಾಗಲ್ಲ. ಹೇಳಿದೀನಿ, ಗೊತ್ತು, ನೂರು ಸಲ ಹೇಳಿದೀನಿ, ಇನ್ನೂ ಹೇಳ್ತೀನಿ. ಒಬ್ಬರ ಕೈನೂ ಹಾಕಿಸಿಲ್ಲ. ಮಣ್ಣು ನಾನೇ ತುಳಿದೆ, ಹುಲ್ಲು ನಾನೇ ಬೆರೆಸಿದೆ, ಇಟ್ಟಿಗೆ ನಾನೇ ಹೊಯ್ದು ಬಿಸಿಲಿಗೆ ಒಣಗಿಸಿದೆ. ನಿನ್ನ ಭಾವ ಕುರಿ ಹಿಂದೆ ಮೇಲಿನ ಹುಲ್ಲುಗಾವಲಲ್ಲಿ ಇದ್ರು, ಇಳಿದು ಬಂದಾಗ ಗೋಡೆ ಎದೆಮಟ್ಟ ಎದ್ದಿತ್ತು. 'ಇದು ಯಾರ ಮನೆ?' ಅಂತ ದಾಟಿ ಹೋಗಿಬಿಟ್ಟಿದ್ರು ಮಹಾರಾಯರು! ಈಗಲೂ ಮೇಲೆ ಹುಲ್ಲುಗಾವಲಲ್ಲೇ ಇದಾರೆ. ಇಲ್ಲ, ಸುದ್ದಿ ಕಳಿಸಿಲ್ಲ. ಏನಂತ ಕಳಿಸಲಿ? ಏನೂ ಆಗಿಲ್ಲವಲ್ಲ. ಆವತ್ತು ಈ ಮನೆ ಕಟ್ಟೋವಾಗ ನೀವೆಲ್ಲಾ ಸಲಿಕೆ ತಗೊಂಡು ಬಂದ್ರಿ, ಇದೇ ಗೇಟಿನಿಂದ ವಾಪಸ್ ಕಳಿಸಿದ್ದೆ. ಆವತ್ತು ಬೇಕಾಗಿರಲಿಲ್ಲ, ಇವತ್ತೂ ಬೇಕಾಗಿಲ್ಲ.

ಏನು ಶಬ್ದ? ಯಾವ ಶಬ್ದ? ಧೊಪ್ ಅಂತಾನಾ? ನನಗೆ ಕೇಳಿಸಲಿಲ್ಲಪ್ಪ.

ಓ, ಅದಾ. ಬೆಕ್ಕು.

ಬೆಕ್ಕು ಕಣೆ! ಒಳಗೆ ಓಡಾಡ್ತಿದೆ. ದೊಡ್ಡ ಬೆಕ್ಕು. ಚೆನ್ನಾಗಿ ತಿಂದು ಬೆಳೆದಿದೆ.

ಗೇಟು ಯಾಕೆ ಅಲ್ಲಾಡ್ತಿದೆ ಅಂತಾನಾ? ಗಾಳಿ ಅಂತ ಹೇಳಿದ್ನಲ್ಲ.

ಯಾಕೆ, ನಗಲ್ವಾ? ಇಷ್ಟು ಹೊತ್ತೂ ನಗ್ತಿದ್ದೆ. ದೊಡ್ಡ ಬೆಕ್ಕು ಅಂದೆ. ನಗಬೇಕು ಅದಕ್ಕೆ.

ಉಮ್ಸುನ್...

ಹಾಗೆ ನೋಡಬೇಡ. ಏನಾದ್ರೂ ಅನ್ನು. 'ಆವತ್ತು ಅಷ್ಟು ಜಂಭ ಕೊಚ್ಚಿದೆಯಲ್ಲ ಅಕ್ಕ, ಈಗೇನು' ಅಂತಾನಾದ್ರೂ ಅನ್ನು. ನಾನೂ ಎರಡು ಮಾತು ತಿರುಗಿಸಿ ಕೊಡ್ತೀನಿ. ನೀನೂ ಬೈಯದಿದ್ರೆ ನಾನು ಯಾರ ಜೊತೆ ಜಗಳ ಆಡಲಿ?

ನೀನು ಯಾವ ದಾರಿಯಿಂದ ಬಂದೆ? ಶಾಲೆ ಕಡೆಯಿಂದ ತಾನೆ? ಅಲ್ವಾ?

ದಿಬ್ಬದ ಮೇಲಿಂದಾ...

ದಿಬ್ಬದ ಮೇಲಿಂದ ನಮ್ಮ ಅಂಗಳ ಪೂರ್ತಿ ಕಾಣುತ್ತೆ.

ಹಾಗಾದ್ರೆ ಬರೋಕೆ ಮುಂಚೇನೇ ನೋಡಿದೀಯ. ನೋಡಿಯೂ ಗಾಳಿ, ಸೌದೆ, ಬೆಕ್ಕು ಎಲ್ಲಾ ಕೇಳಿಸ್ಕೊಂಡು ನಗ್ತಾ ನಿಂತಿದ್ದೆ. ಕಳ್ಳಿ!

ನಿನ್ನೆ ನಾನು ರಸ್ತೇಲಿ ರೊಟ್ಟಿ ಮಾರ್ತಿದ್ದೆ ಕಣೆ. ಓಡಿ ಬಂದೆ. ಬರೋ ಹೊತ್ತಿಗೆ ಈ ಮುಂದಿನ ಗೋಡೆ, ಈ ಗೇಟು, ಅಷ್ಟೇ ಉಳಿದಿತ್ತು. ಬೆಳಗ್ಗೆಯಿಂದ ಒಳಗೆ ಹುಡುಕ್ತಿದೀನಿ. ಇಟ್ಟಿಗೆ ಯಾವುದು, ಬೆಟ್ಟದ ಕೆಸರು ಯಾವುದು... ನಾನೇ ತುಳಿದ ಮಣ್ಣು, ನನಗೇ ಗುರುತು ಸಿಗ್ತಿಲ್ಲ.

ಶ್! ನೀನು ಯಾಕೆ ಅಳ್ತೀಯ? ಮನೆ ಯಾರದ್ದು? ಅಳೋದಿದ್ರೆ ನಾನು ಅಳ್ತೀನಿ. ಆ ಅಂಗಿ ಒದ್ದೆಯಾದ್ರೆ ಇನ್ನೂ ಚಿಕ್ಕದಾಗುತ್ತೆ, ಒರೆಸ್ಕೋ ಮೂತಿ.

ಏಯ್! ಎಲ್ಲಿಗೆ? ಆ ಮೂಲೆಯಿಂದ ಬರಬೇಡ! ಗೋಡೆ ಬಿದ್ದಿದೆ ಅಂತ ಬಿದ್ದ ಕಡೆಯಿಂದ ನುಗ್ಗೋದಾ? ಕುರಿಯಾ ನೀನು? ನಮ್ಮನೆಗೆ ಬರೋರು ಗೇಟಿನಿಂದ ಬರ್ತಾರೆ. ಬಾ ಈ ಕಡೆ. ತೆಗೀತೀನಿ.

ತಳ್ಳಬೇಡ! ಈ ಗೇಟು ನಿಂತಿರೋದೇ ನನ್ನ ಭುಜದ ಮೇಲೆ. ಆ ಸಲಿಕೆ ಕೆಳಗಿಡು. ಆ ತುದಿ ನೀನು ಹಿಡಿ. ಹಿಡಿದ್ಯಾ? ಭಾರ ಬಂತಾ? ಹೂಂ, ಹಾಗೇ ಇರು... ಅಬ್ಬಾ, ನನ್ನ ಭುಜ. ಈಗ ನಿಧಾನಕ್ಕೆ ಗೋಡೆಗೆ ಒರಗಿಸು. ನಿಧಾನ ಅಂದೆ!

ಆಯ್ತು. ನಿನ್ನ ತಂಡದವರನ್ನೂ ಕೂಗು. ಅಜ್ಜನ ಆ ಮಿರಿಮಿರಿ ಕೋಟಿಗೆ ಇನ್ನಷ್ಟು ಕೆಸರು ಹತ್ತುತ್ತೆ ಅಂತ ಮೊದಲೇ ಹೇಳಿಬಿಡು.

ಇಲ್ಲ, ಇಲ್ಲ, ಬೂಟು ಬಿಚ್ಚೋದು ಬೇಡ. ಹಾಗೇ ಬಾ.